ಒಂದೇ ಫ್ಲಾಪಿಯೊಳಗೆ ಇಡೀ ಸೀರೆ

ಮೇದಿನಿ ಅಕ್ಕ ನೆಟ್ಟಗೆ ಕೂತು ಕೆಲಸ ಮಾಡಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಕುರ್ಚಿಯ ಮೇಲೇನೋ ಇರುತ್ತಿದ್ದಳು. ಒಂದು ಕಾಲು ಮಡಚಿ, ಇನ್ನೊಂದರಿಂದ ನೆಲ ತಟ್ಟುತ್ತಾ, ಎಡಗೈಯಲ್ಲಿ ಜಡೆಯ ತುದಿ ತಿರುವುತ್ತಾ, ಬಲಗೈಯಲ್ಲಿ ಮೌಸ್. ಆಗಾಗ ಎದ್ದು ಬಾಲ್ಕನಿಗೆ ಹೋಗಿ, ಯಾರೂ ಇಲ್ಲದ ರಸ್ತೆ ನೋಡಿ, ವಾಪಸ್ ಬಂದು, "ಈ ಎಲಿ ಸೊಟ್ಟ ಆಗೇದ, ಅಲ್ಲೇನ ಪೂಜಾ?" ಅನ್ನುತ್ತಿದ್ದಳು. ನನಗೆ ಯಾವ ಎಲೆಯೂ ಸೊಟ್ಟ ಕಾಣುತ್ತಿರಲಿಲ್ಲ. ಆದರೂ ಹೌದು ಅನ್ನುತ್ತಿದ್ದೆ. ಅವಳು ಹೇಳಿದರೆ ಸೊಟ್ಟವೇ!

ಸೂರತ್‌ನ ಅಡಾಜಣ್‌ನಲ್ಲಿ ಅವರದು ನಮ್ಮ ಮೇಲಿನ ಮಹಡಿ. ನಮ್ಮಪ್ಪನದು ಉಡುಪಿ ಹೋಟೆಲ್. ಅಕ್ಕನ ಗಂಡ ಸುಧೀರ್ ಭಾವ ವಿಮಾ ಕಂಪನಿಯಲ್ಲಿ. ವರ್ಗವಾಗಿ ಧಾರವಾಡದಿಂದ ಬಂದವರು. ಜೊತೆಗೆ ಅವರ ಅಪ್ಪ ಭೀಮಸೇನ ರಾಯರು, ರೈಲ್ವೆಯಲ್ಲಿದ್ದು ನಿವೃತ್ತರಾದವರು. ಮದುವೆಗೆ ಮೊದಲು ಅಕ್ಕ ಚೌಕಳಿ ಕಾಗದದ ಮೇಲೆ ಕಸೂತಿಯ ನಮೂನೆ ಬರೆಯುತ್ತಿದ್ದಳಂತೆ. ಸೂರತ್‌ಗೆ ಬಂದು ಕಂಪ್ಯೂಟರ್ ಪರದೆಯನ್ನು ಮೊದಲ ಸಲ ದೊಡ್ಡದು ಮಾಡಿ ನೋಡಿದಾಗ ನಕ್ಕುಬಿಟ್ಟಳಂತೆ: "ಅಯ್ಯ, ಇದೂ ಚೌಕಳೀನ!" ಅಲ್ಲಿಂದ ಶುರು. ಒಂದು ಡಿಸೈನ್ ಆಫೀಸಿನಲ್ಲಿ ಬೇರೆಯವರ ಹೆಸರಿನ ಕೆಳಗೆ ಹೂ ಬಳ್ಳಿ ಬರೆದು ಬರೆದು, ತೊಂಬತ್ತಾರರಲ್ಲಿ ಆ ಕೆಲಸ ಬಿಟ್ಟು, ಮನೆಯಲ್ಲೇ ಸ್ವಂತ ಕಂಪ್ಯೂಟರ್ ಹಾಕಿದಳು.

ಸೂರತ್‌ನ ಬಟ್ಟೆ ಮಾರ್ಕೆಟ್‌ಗೆ ಒಂದು ರಿವಾಜು ಇದೆ. ಇಲ್ಲಿ ಇವತ್ತು ಒಬ್ಬನ ಅಂಗಡಿಯಲ್ಲಿ ಕಂಡ ಸೀರೆ ನಾಳೆ ಎಲ್ಲರ ಅಂಗಡಿಯಲ್ಲೂ ನೇತಾಡುತ್ತದೆ. ಅದಕ್ಕೇ ಡಿಸೈನ್ ಕೊಂಡ ಸೇಠ್, ಅದು ಫ್ಲಾಪಿಗೆ ಇಳಿದ ಕೂಡಲೇ ಬರೆದವರ ಕಂಪ್ಯೂಟರ್‌ನಿಂದ ಅಳಿಸಿಹಾಕಿಸುತ್ತಾನೆ, ತನ್ನ ಕಣ್ಣೆದುರೇ. ನಮ್ಮ ಧನಸುಖಭಾಯಿ ಒಂದು ಹೆಜ್ಜೆ ಮುಂದೆ. ಕೈ ತೊಳೆದು, ಕರವಸ್ತ್ರದಲ್ಲಿ ಒರೆಸಿ, ಡಿಲೀಟ್ ಬಟನ್ ತಾನೇ ಒತ್ತುತ್ತಿದ್ದ. ಒತ್ತಿ, "ಬಸ್, ಗಯು" ಅನ್ನುತ್ತಿದ್ದ. ಹೋಯಿತು ಅಂತ.

ಆ ದೀಪಾವಳಿಗೆ ಅವನ ದೊಡ್ಡ ಸೀರೆ ಅಕ್ಕನದೇ. ಸ್ವಂತ ಹೆಸರಿನ ಮೊದಲ ದೊಡ್ಡ ಕೆಲಸ. ಸೆರಗಿನ ತುಂಬ ಕಸೂತಿಯ ಗೋಪುರಗಳು, ಅವುಗಳ ಸುತ್ತ ಬಳ್ಳಿ, ಆರೇ ಬಣ್ಣ. ಬಟ್ಟೆಗೆ ಅಚ್ಚು ಹಾಕಲು ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್. ಸ್ಕ್ರೀನ್ ಮಾಡುವ ಕಾರ್ಖಾನೆ ಇದ್ದದ್ದು ಅಹಮದಾಬಾದ್‌ನ ವಟ್ವಾದಲ್ಲಿ. ತೊಂದರೆ ಅಂದರೆ ಆ ಫೈಲು. ಇದ್ದ ಹಾಗೇ ಹಾಕಿದರೆ ಒಂದು ಚೀಲ ಫ್ಲಾಪಿ ಬೇಕು. ಜಿಪ್ ಮಾಡಿದರೆ ಹತ್ತು ಹನ್ನೆರಡು. ಜಿಪ್ ಅಂದರೆ ಪ್ರಾಮಾಣಿಕ ಪ್ರಾಣಿ: ನೀಲಿ ಚುಕ್ಕೆ ಸಾಲಾಗಿ ನೂರಿದ್ದರೆ ನೂರು ಸಲ ಬರೆಯದೆ 'ನೀಲಿ, ನೂರು' ಎಂದು ಬರೆದುಕೊಳ್ಳುತ್ತದೆ, ಬಿಚ್ಚಿದರೆ ನೂರಕ್ಕೆ ನೂರೂ ವಾಪಸ್. ಆದರೆ ಹನ್ನೆರಡರಲ್ಲಿ ಒಂದು ಫ್ಲಾಪಿ ಕೆಟ್ಟರೂ ಇಡೀ ಸೀರೆ ಢಮಾರ್. ಹಿಂದೊಮ್ಮೆ ಹಾಗಾಗಿ ಅಕ್ಕ ವಟ್ವಾದಿಂದ ಅಳುತ್ತಾ ಬಂದಿದ್ದಳು.

ಹಾಗಾಗಿ ನಿತಿನ್ ಬಂದಾಗ ನಮಗೆ ದೇವರೇ ಬಂದ ಹಾಗಾಯಿತು. ನಿತಿನ್ ಊರೆಲ್ಲ ಸ್ಕೂಟರ್‌ನಲ್ಲಿ ಸಾಫ್ಟ್‌ವೇರ್ ಮಾರುವವನು, ಮಾತು ರಾಕೆಟ್. ಅವನ ಹೊಸ ಮಾಲು 'ಬಿಂದು'. ಎಂಥ ಫೈಲನ್ನೂ ಕುಗ್ಗಿಸಿ ಒಂದೇ ಫ್ಲಾಪಿಗೆ ಇಳಿಸುತ್ತದೆ, ಒಂದು ಚುಕ್ಕೆಯೂ ಕಳೆಯದೆ! ಇಳಿಸಿದ್ದನ್ನು ಇನ್ನೊಮ್ಮೆ ಇಳಿಸಬಹುದು, ಮತ್ತೊಮ್ಮೆ ಇಳಿಸಬಹುದು!

ರಾಯರು ಅಡಿಕೆ ಕತ್ತರಿಸುತ್ತಾ ಕೇಳಿದರು: "ಹಂಗ ಇಳಿಸ್ಕೋತ ಹ್ವಾದ್ರ ಕಡೀಕ ಏನೂ ಉಳಿಯೂದುಲ್ಲಲ್ಲೋ ತಮ್ಮಾ? ಈ ಅಡಿಕಿ ಡಬ್ಯಾಗ ಆನಿ ಇಟ್ಟು ತಗೀತೀ ಏನು?"

"ದಾದಾಜಿ, ಇದು ಸೈನ್ಸ್," ಅಂದ ನಿತಿನ್, ಹಿಂದಿಯಲ್ಲಿ.

ಅಕ್ಕ ಪೆದ್ದಿಯಲ್ಲ, ಪರೀಕ್ಷೆ ಮಾಡಿದಳು. ಒಂದು ಹಳೆಯ ಡಿಸೈನನ್ನು ಬಿಂದುವಿನಿಂದ ಫ್ಲಾಪಿಗೆ ಇಳಿಸಿ, ಕಂಪ್ಯೂಟರ್‌ನಲ್ಲಿದ್ದ ಮೂಲವನ್ನು ಅಳಿಸಿ, ಆಮೇಲೆ ಫ್ಲಾಪಿಯಿಂದ ಬಿಚ್ಚಿದಳು. ಬಂತು! ಎಲೆ, ಗೋಪುರ, ಎಲ್ಲ. ಇನ್ನೊಂದು ಮಾಡಿದಳು, ಅದೂ ಬಂತು. ನಾನು ಕುಣಿದೇಬಿಟ್ಟೆ. ಅಕ್ಕ ಮಾತ್ರ ಬಾಲ್ಕನಿಗೂ ಕಂಪ್ಯೂಟರ್‌ಗೂ ಓಡಾಡುತ್ತಿದ್ದಳು. "ಎರಡೂ ಫೈಲು ಒಂದ ಅಳತಿ ಆಗ್ಯಾವಲ್ಲ, ಸಣ್ಣ ಡಿಸೈನೂ ಅಷ್ಟ, ದೊಡ್ಡದೂ ಅಷ್ಟ. ಯಾಕಿರಬೇಕು?"

"ಅಕ್ಕ, ಬಂತಲ್ಲ! ಇನ್ನೆಂಥ ಬೇಕು ಮಾರಾಯ್ತಿ?" ಅಂದೆ.

ಮರುದಿನ ಸಂಜೆ ಧನಸುಖಭಾಯಿ ಕೈ ತೊಳೆದು ಬಂದು ಸೀರೆಯ ಡಿಸೈನ್ ಅಳಿಸಿದ. ಬಸ್, ಗಯು. ಅದರ ಮರುದಿನ ಬೆಳಿಗ್ಗೆ ಅಕ್ಕನೂ ನಾನೂ ರೈಲಿನಲ್ಲಿ. ಪರ್ಸಿನಲ್ಲಿ ಒಂದೇ ಒಂದು ಫ್ಲಾಪಿ, ಜೊತೆಗೆ ಸೇಠ್‌ಗೆ ತೋರಿಸಲು ಮಾಡಿದ್ದ ಜೆಪಿಜಿ ಚಿತ್ರದ ಇನ್ನೊಂದು. ಸುಧೀರ್ ಭಾವ ಆಡಿಟ್‌ಗೆಂದು ವಾಪಿ ಊರಿಗೆ ಹೋಗಿದ್ದರು, ಮನೆಯಲ್ಲಿ ರಾಯರೊಬ್ಬರೇ. ಅಕ್ಕ ದಾರಿಯುದ್ದಕ್ಕೂ ಪರ್ಸ್ ತೆಗೆದು ನೋಡಿದ್ದೇ ನೋಡಿದ್ದು. ವಡೋದರಾದಲ್ಲಿ ಗಾಡಿ ನಿಂತದ್ದೇ ಇಳಿದು ಪ್ಲಾಟ್‌ಫಾರ್ಮಿನಲ್ಲಿ ಅತ್ತಿಂದಿತ್ತ ನಡೆದು, ಗಾಡಿ ಅಲುಗಿದ ಮೇಲೆ ಹತ್ತಿದಳು. 

ವಟ್ವಾದಲ್ಲಿ ಬಣ್ಣದ ಕಾರ್ಖಾನೆಗಳ ಘಾಟು. ಧನಸುಖಭಾಯಿ ಹಿಂದಿನ ರಾತ್ರಿಯೇ ಬಂದು ಮಗಳ ಮನೆಯಲ್ಲಿ ಉಳಿದಿದ್ದ. ನಮಗಿಂತ ಮೊದಲೇ ಹಾಜರ್. ಕಾರ್ಖಾನೆಯ ಕಂಪ್ಯೂಟರ್ ನೋಡಿಕೊಳ್ಳುವ ಕೀರ್ತಿಭಾಯಿ ನಮ್ಮ ಫ್ಲಾಪಿ ತೂರಿಸಿ, ಅದರಲ್ಲೇ ಹಾಕಿ ತಂದಿದ್ದ ಬಿಂದುವಿನಿಂದ ಬಿಚ್ಚಿದ.

ಪರದೆಯ ಮೇಲೆ ಬಂದದ್ದು ಬರೀ ಕಸ. ಯಾರದೋ ಚಾದರದ ಅರ್ಧ ಹೂವು, ಬೂದು ಗೆರೆ, ಏನೇನೋ. ಇನ್ನೊಮ್ಮೆ ಬಿಚ್ಚಿದ. ಅದೇ ಕಸ.

"ಜೆಪಿಜಿ ಅದ, ಅದನ್ನ ಹಾಕ್ರಿ," ಅಂದಳು ಅಕ್ಕ, ಕನ್ನಡದಲ್ಲೇ! ಆಮೇಲೆ ಹಿಂದಿಯಲ್ಲಿ. ಸೀರೆ ಬಂತು, ಚೆಂದಕ್ಕೇ ಕಂಡಿತು. ಕೀರ್ತಿಭಾಯಿ ಬಣ್ಣ ಎಣಿಸುವ ಬಟನ್ ಒತ್ತಿದ. ಆರು ಇರಬೇಕಾದಲ್ಲಿ ಸಾವಿರಾರು. ದೊಡ್ಡದು ಮಾಡಿ ತೋರಿಸಿದ: ಪ್ರತಿ ಎಲೆಯ ಅಂಚಿನಲ್ಲೂ ಹಸಿರಿಗೂ ಕೆಂಪಿಗೂ ನಡುವಿನ ನೂರು ಮಬ್ಬು ಬಣ್ಣ. ಜೆಪಿಜಿಯ ಬುದ್ಧಿಯೇ ಅದು. ಕಣ್ಣಿಗೆ ಗೊತ್ತಾಗದ್ದನ್ನೆಲ್ಲ ಎಸೆದು, ಹೆಚ್ಚು ಕಡಿಮೆ ಅದೇ ಥರದ್ದನ್ನು ತುಂಬುತ್ತದೆ. "ಇದು ನೋಡೋಕೆ, ಬೆನ್. ಸ್ಕ್ರೀನ್ ಮಾಡೋಕಲ್ಲ," ಅಂದ. ಬೆನ್ ಅಂದರೆ ಅಕ್ಕ, ತಂಗಿ.

ಧನಸುಖಭಾಯಿ ಸ್ಟೂಲ್ ಎಳೆದುಕೊಂಡು ಅಕ್ಕನ ಎದುರು ಕೂತ. ಬಾಯಿ ತೆರೆದರೆ ಸೂರತ್‌ನ ಬೈಗುಳವೇ ಬರುವ ಮನುಷ್ಯ, ತಣ್ಣಗೆ ಕೇಳಿದ: "ಯಾರಿಗೆ ಕೊಟ್ಟೆ, ಬೆನ್?"

 ಡಿಸೈನನ್ನು ಇನ್ನೊಬ್ಬ ಸೇಠ್‌ಗೆ ಮಾರಿದಳೆಂಬ ಈ ಮಾತು ಮಾರ್ಕೆಟ್ ಮುಟ್ಟಿದರೆ ಅಕ್ಕನ ಕೆಲಸವನ್ನು ಇನ್ಯಾರೂ ಮುಟ್ಟುವುದಿಲ್ಲ. ಅವಳು ಎದ್ದಳು. ಬಾಗಿಲಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ, ತನಗೆ ತಾನೇ ಹೇಳಿಕೊಳ್ಳುತ್ತಾ: "ಮನ್ಯಾಗ ಬಿಚ್ಚಿದ್ರ ಬರ್ತದ. ಇಲ್ಲಿ ಬರೂದುಲ್ಲ. ಫ್ಲಾಪಿ ಅದ, ಬಿಂದು ಅದ. ಇಲ್ಲಿ ಇಲ್ಲದ್ದು ಅಲ್ಲೇನದ?" ಥಟ್ಟನೆ ನಿಂತಳು. "ನಮ್ಮ ಡಿಸ್ಕ್! ಪೂಜಾ, ಫ್ಲಾಪಿಯೊಳಗ ಸೀರಿನ ಇಲ್ಲ! ಇಸ್ತ್ರಿಯಾಂವ ಕೊಡೂ ಚೀಟಿ ಅಷ್ಟ ಅದ!"

ಡಿಸೈನ್ ನಮ್ಮ ಕಂಪ್ಯೂಟರಿನೊಳಗಿನ ಡಿಸ್ಕ್‌ನಲ್ಲಿ ಎಲ್ಲಿದೆ ಎಂಬುದನ್ನಷ್ಟೇ ಬಿಂದು ಫ್ಲಾಪಿಗೆ ಬರೆದುಕೊಂಡಿತ್ತು. ಡಿಲೀಟ್ ಒತ್ತಿದರೆ ಬೀರುವಿನ ಖಾನೆಯ ಮೇಲಿನ ಹೆಸರು ಮಾತ್ರ ಹರಿದುಹೋಗುತ್ತದೆ. ಒಳಗಿನ ಬಟ್ಟೆ ಅಲ್ಲೇ ಇರುತ್ತದೆ, ಬೇರೆ ಏನಾದರೂ ಆ ಖಾನೆಗೆ ಬಂದು ಬೀಳುವವರೆಗೆ. ಅದಕ್ಕೇ ಮನೆಯಲ್ಲಿ ಪರೀಕ್ಷೆ ಮಾಡಿದಾಗೆಲ್ಲ ಬಂದದ್ದು! ಇಲ್ಲಿಯ ಡಿಸ್ಕ್‌ನಲ್ಲಿ ಅದೇ ಖಾನೆಗಳಲ್ಲಿ ಇದ್ದದ್ದು ಇನ್ಯಾರದೋ ಚಾದರ.

"ಅಂದರೆ ಸೀರೆ ಇನ್ನೂ ಮನೆಯಲ್ಲಿದೆ!" ಅಂದೆ.

"ಯಾರೂ ಕಂಪ್ಯೂಟರ್ ಮುಟ್ಟದಿದ್ರ," ಅಂದವಳೇ ಎದುರಿನ ಎಸ್‌ಟಿಡಿ ಬೂತ್‌ಗೆ ಓಡಿದಳು. ಎಂಗೇಜ್. ಮತ್ತೆ ಎಂಗೇಜ್. ಅಕ್ಕ ಚಪ್ಪಲಿಯಿಂದ ಬೂತಿನ ಬಾಗಿಲು ಒದೆಯುತ್ತಿದ್ದಳು. ಕೊನೆಗೂ ರಿಂಗಾಯಿತು. ರಾಯರ ದನಿ ನನಗೂ ಕೇಳುತ್ತಿತ್ತು, ಅಷ್ಟು ಜೋರು.

"ಮಾವಾರ, ಕಂಪ್ಯೂಟರ್ ಬಂದ್ ಅದ ಹೌದಲ್ರೀ?"

"ಚಾಲೂ ಅದವಾ. ನಿತಿನ್ ಬಂದಾನ. ಇಷ್ಟೊತ್ತು ಫೋನಿನ್ಯಾಗ ಇದ್ದ. ಬಿಂದುಂದು ಹೊಸಾದು ಬಂದದಂತ, ಹಾಕ್ಲಿಕ್ಕತ್ತಾನ. ಒಂದು ಫ್ಲಾಪಿ ಮುಗೀತು, ಇನ್ನೂ ಎರಡು ಅವ."

"ನಿಲ್ಲಸ್ರಿ! ಈಗಿಂದೀಗ ನಿಲ್ಲಸ್ರಿ!"

"ಮನಿಗೆ ಬಂದಾವಗ ಹೆಂಗ ಬ್ಯಾಡ ಅನ್ನೂದು? ಚಹಾಕ್ಕ ಇಟ್ಟೀನಿ."

"ಚಹಾ ಕುಡಸ್ರಿ, ಬೇಕಾದ್ರ ಊಟಾ ಹಾಕ್ರಿ. ಕರೆಂಟ್ ತಗೀರಿ ಮಾವಾರ!"

ರಿಸೀವರ್ ಕೆಳಗಿಟ್ಟ ಸದ್ದು. ಚಪ್ಪಲಿ ಸರಪರ. ದೂರದಲ್ಲಿ ಕಟಕ್. ಆಮೇಲೆ, "ಫ್ಯೂಸ್ ತಗದೆ. ನನ್ನ ಕಿಸೇದಾಗ ಅದ. ಅವಂಗ ಲೈಟ್ ಹೋದ್ವು ಅಂದೀನಿ. ಸುಳ್ಳಲ್ಲ, ಖರೇನ ಹೋಗ್ಯಾವ."

ಇನ್ನು ಸೇಠ್‌ಗೆ ಏನು ಹೇಳುವುದು? ಮನೆಯಲ್ಲಿ ಡಿಸೈನ್ ಇದೆ ಅಂದರೆ, ಅವನು ಅಳಿಸಿದ್ದು ಅಳಿದಿಲ್ಲ ಎಂದು ಒಪ್ಪಿದ ಹಾಗೆ. ನಾನು ಪಿಸುಗುಟ್ಟಿದೆ: "ಅಕ್ಕ, ಇನ್ನೊಂದು ಫ್ಲಾಪಿ ಮನೇಲಿ ಬಿಟ್ಟು ಬಂದೆ ಅಂತ ಹೇಳಿದ್ರೆ ಆಯ್ತಪ್ಪ."

"ಅದೂ ಅವಂಗ ಗೊತ್ತಿಲ್ದಂಗ ಪ್ರತಿ ಇಟ್ಟಂಗ ಆತಲ್ಲ," ಅಂದಳು. ಬೂತಿನಿಂದ ಕಾರ್ಖಾನೆಯವರೆಗೆ ಹೋಗಿ, ತಿರುಗಿ ಬಂದು, ಮತ್ತೆ ಹೋಗಿ, ಎಲ್ಲ ಹೇಳಿಬಿಟ್ಟಳು. ಚೀಟಿ, ಖಾನೆ, ಬಟ್ಟೆ, ಫ್ಯೂಸ್.

ಸೇಠ್ ತನ್ನ ಬೆರಳನ್ನೇ ನೋಡಿಕೊಂಡ. "ಹಾಗಾದರೆ ನಾನು ಇಷ್ಟು ದಿನ ಒತ್ತಿದ್ದು?"

"ಹೆಸರಿನ ಚೀಟಿ ಹರಿದಿರಿ, ಅಷ್ಟೇ. ನನಗೂ ಇವತ್ತೇ ಗೊತ್ತಾದದ್ದು."

ಆಗ ಬಂತು ನೋಡಿ ಬೈಗುಳ! ಅಕ್ಕನಿಗೋ ಬಟನ್‌ಗೋ ಗೊತ್ತಾಗಲಿಲ್ಲ. ಮುಗಿದ ಮೇಲೆ ಎದ್ದ. "ನಾನೂ ಬರುತ್ತೇನೆ. ನನ್ನ ಕಣ್ಣೆದುರೇ ತೆಗಿ." ಕೀರ್ತಿಭಾಯಿ ಮರುದಿನ ಸಂಜೆಯವರೆಗೆ ಸ್ಕ್ರೀನ್ ಯಂತ್ರವನ್ನು ನಮಗಾಗಿ ಹಿಡಿದಿಡಲು ಒಪ್ಪಿದ. ಆಮೇಲೆ ಬೇರೆ ಪಾರ್ಟಿಗೆ.

ಸೂರತ್ ಮುಟ್ಟಿದಾಗ ಸೆಕೆಯ ಮನೆಯಲ್ಲಿ ರಾಯರೂ ನಿತಿನನೂ ಪೇಪರ್‌ನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ನಿತಿನ್ ಅದೆಷ್ಟನೆಯದೋ ಚಹಾದಲ್ಲಿದ್ದ. ವಿಷಯ ತಿಳಿದು ಲೋಟ ಕೆಳಗಿಟ್ಟ. "ಅಕ್ಕ, ನಾನೂ ನನ್ನ ಕಂಪ್ಯೂಟರ್‌ನಲ್ಲಿ ಎಷ್ಟು ಸಲ ಪರೀಕ್ಷೆ ಮಾಡಿದ್ದೆ! ತಂಗಿಯ ಮದುವೆಯ ಚಿತ್ರಗಳನ್ನೆಲ್ಲ ಬಿಂದುವಿಗೆ ಹಾಕಿ ಅಳಿಸಿದ್ದೇನೆ, ತಿಂಗಳಾಯಿತು." ಅವು ಇನ್ನೆಲ್ಲಿ? ಯಾರೂ ಅವನಿಗೆ ಬೈಯಲಿಲ್ಲ. ತೆಗೆದದ್ದನ್ನು ನಮ್ಮ ಡಿಸ್ಕ್‌ಗೇ ಬರೆದರೆ ಉಳಿದದ್ದೂ ಹೋಗುತ್ತದೆ, ಬೇರೆ ಡಿಸ್ಕ್ ಬೇಕು ಎಂದು ಅಕ್ಕ ಅಂದಾಗ, ನಿತಿನ್ ಹೋಗಿ ತನ್ನ ಕಂಪ್ಯೂಟರ್‌ನದನ್ನೇ ಕಳಚಿ ಟವೆಲ್‌ನಲ್ಲಿ ಸುತ್ತಿ ತಂದ.

ಫ್ಯೂಸ್ ಹಾಕಿದರು. ಅಕ್ಕ ನಮ್ಮ ಡಿಸ್ಕ್ ಮುಟ್ಟದೆ ಫ್ಲಾಪಿಯಿಂದಲೇ ಕಂಪ್ಯೂಟರ್ ಎಬ್ಬಿಸಿ, ಸೀರೆಯನ್ನು ನಿತಿನ್‌ನ ಡಿಸ್ಕ್‌ಗೆ ಬಿಚ್ಚಿದಳು. ಗೋಪುರ ಬಂತು, ಬಳ್ಳಿ ಬಂತು. ಸೆರಗಿನ ನಡುವೆ ಮಾತ್ರ ಒಂದು ಗೇಣು ಕಸ. ಫ್ಯೂಸ್ ತೆಗೆಯುವ ಮೊದಲು ಹೊಸ ಬಿಂದು ಬಿದ್ದ ಜಾಗ.

"ಬೆಳಿಗ್ಗೆ ಬರೀತೀನಿ," ಅಂದಳು.

"ರಾತ್ರಿ ಇದು ನನ್ನ ಹತ್ತಿರ," ಅಂದ ಸೇಠ್, ಫ್ಯೂಸ್ ಕಿತ್ತು ಕುರ್ತಾದ ಕಿಸೆಗೆ ಹಾಕಿಕೊಂಡು. ಅವನ ಡಿಲೀಟ್ ಬಟನ್ ಈಗ ಅದೇ!

ಬೆಳಿಗ್ಗೆ ಫ್ಯೂಸ್ ಬಂತು. ಅಕ್ಕ ಕಾಲು ತಟ್ಟುತ್ತಾ ಆ ಗೇಣನ್ನು ತುಂಬಿದಳು. ಪ್ರಾಮಾಣಿಕ ಜಿಪ್ ಮಾಡಿ, ಎರಡೆರಡು ಪ್ರತಿ ಮಾಡಿ, ಚಕ್ಕುಲಿ ಡಬ್ಬಿಯಲ್ಲಿ ತುಂಬಿದೆವು. ಫ್ಯೂಸ್ ಮತ್ತೆ ಸೇಠ್‌ನ ಕಿಸೆಗೆ. ಈ ಸಲ ವಟ್ವಾದಲ್ಲಿ ನೋಡುವವರೆಗೆ ಅಳಿಸುವುದಿಲ್ಲ ಎಂದು ಒಪ್ಪಂದ. ರಾಯರು ಬೀಸಣಿಗೆ ಹಿಡಿದು ಬಾಲ್ಕನಿಯಲ್ಲಿ ಕೂತರು.

ವಟ್ವಾದಲ್ಲಿ ಒಂದೊಂದೇ ಫ್ಲಾಪಿ ಕರಕರ ಅನ್ನುತ್ತಿತ್ತು. ಒಂದು ಕೆಟ್ಟಿತ್ತು, ಎರಡನೆಯ ಪ್ರತಿ ಓದಿತು. ಸೀರೆ ತೆರೆಯಿತು. ಕೀರ್ತಿಭಾಯಿ ಬಣ್ಣ ಎಣಿಸಿದ.

ಏಳು.

ಸೇಠ್ ಅಕ್ಕನ ಕಡೆ ನೋಡಿದ. ಅಕ್ಕ ಕೀರ್ತಿಭಾಯಿಯನ್ನು ಎಬ್ಬಿಸಿ ತಾನು ಕೂತು, ನಿನ್ನೆ ಕಸವಿದ್ದ ಪಟ್ಟಿಯನ್ನು ದೊಡ್ಡದು ಮಾಡಿ, ಚೌಕಳಿ ಚೌಕಳಿ ಸರಿಸುತ್ತಾ ಹೋದಳು. ಅವಳ ಕಾಲು ಆಗ ಮಾತ್ರ ಅಲುಗುತ್ತಿರಲಿಲ್ಲ. ಒಂದು ಗೋಪುರದ ಬುಡದಲ್ಲಿ, ಒಂದೇ ಒಂದು ನೇರಳೆ ಚುಕ್ಕೆ. ಬಿಂದುವಿನದು. ಅದರ ಮೇಲೆ ಕೆಂಪು ಇಟ್ಟಳು. ಕೀರ್ತಿಭಾಯಿ ಮತ್ತೆ ಎಣಿಸಿದ.

ಆರು.

ಧನಸುಖಭಾಯಿ ಕಿಸೆಗೆ ಕೈ ಹಾಕಿ, ಫ್ಯೂಸ್ ತೆಗೆದು, ಕರವಸ್ತ್ರದಲ್ಲಿ ಒರೆಸಿ ಅವಳ ಕೈಗಿಟ್ಟ. "ಮನೆಗೆ ಹೋಗು, ಬೆನ್. ದಾದಾಜಿ ಸೆಕೆಯಲ್ಲಿ ಕೂತಿದ್ದಾರೆ."

"ಅಳಿಸೋದಕ್ಕೆ ಯಾವಾಗ ಬರ್ತೀರಿ?"

"ನೀನೇ ಅಳಿಸು," ಅಂದ. ಆಮೇಲೆ ಸ್ವಲ್ಪ ಯೋಚಿಸಿ, "ಪೂರ್ತಿ," ಅಂದ.