ನಾನು ಬಿಚ್ಚದ ಕೆಂಪು ಲಾಡಿ

ಮೊನ್ನೆ ಚೆನ್ನೈನ ಪ್ಯಾರೀಸ್ ಕಾರ್ನರಿನಲ್ಲಿ ಮೊಮ್ಮಗಳಿಗೆ ನೋಟ್‌ಬುಕ್ ಕೊಳ್ಳುವಾಗ, ಅಂಗಡಿಯ ಮೂಲೆಯಲ್ಲಿ ಫೈಲು ಕಟ್ಟುವ ಕೆಂಪು ಲಾಡಿಯ ಸುರುಳಿ ಕಂಡಿತು. ಇದನ್ನು ಈಗಲೂ ಕೊಳ್ಳುವವರಿದ್ದಾರಲ್ಲ! ಪಕ್ಕದ ಮನೆಯ ಮಾಮ ನೆನಪಾದರು...

ಪೆರಂಬೂರಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಮಂಗಳೂರು ಕಡೆಯವರು, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಇಂಗ್ಲಿಷ್ ಮಾತುಗಳ ಹುಟ್ಟು ಕೆದಕುವುದು ಅವರ ಹುಚ್ಚು. ಭಾನುವಾರ ಕ್ರಿಕೆಟ್‌ಗೆ ಹೊರಟ ಹುಡುಗರನ್ನೆಲ್ಲ ಹಿಡಿದು ಕೂರಿಸುತ್ತಿದ್ದರು. ಸಾಕು ಬಿಡಿ ಎನ್ನಲು ನಾವು "ಪೋದುಂ ಮಾಮಾ!" ಎಂದು ತಮಿಳಿನಲ್ಲಿ ಕೂಗಿದರೂ ಬಿಡುವವರಲ್ಲ. ಅವರ ಅಕ್ಕ ಒಳಗಿನಿಂದ ಚಕ್ಕುಲಿ ತಂದ ಮೇಲೆ ನಾವೂ ತೆಪ್ಪಗೆ ಕೂರುತ್ತಿದ್ದೆವು.

'ರೆಡ್ ಟೇಪ್' ಕಥೆ ಕೇಳಿದ್ದು ಹಾಗೆಯೇ. ಹಿಂದೆ ಇಂಗ್ಲೆಂಡಿನಲ್ಲಿ ಸರ್ಕಾರದ ಕಾಗದಗಳನ್ನು ಕೆಂಪು ಲಾಡಿಯಲ್ಲಿ ಕಟ್ಟಿಡುತ್ತಿದ್ದರಂತೆ. ಕಟ್ಟು ಬಿಚ್ಚದೆ ಕೆಲಸ ಸಾಗದು, ಬಿಚ್ಚುವವರಿಗೋ ಅವಸರವಿಲ್ಲ. ಕಚೇರಿಯ ವಿಳಂಬಕ್ಕೆಲ್ಲ ಅದೇ ಹೆಸರಾಯಿತು.

"ಲಾಡಿಯದ್ದು ಏನೂ ತಪ್ಪಿಲ್ಲ ಮಾರಾಯ," ಎಂದಿದ್ದರು ನನಗೆ. "ಬಿಚ್ಚದೆ ಕೂತವನದ್ದು ತಪ್ಪು."

ಮುಂದೆ ನಾನೂ ಅದೇ ಕಚೇರಿ ಸೇರಿದೆ. ಮಾಮ ನಿವೃತ್ತರಾದ ಮೇಲೆ ಅವರದೊಂದು ಅರ್ಜಿ ನನ್ನ ಮೇಜಿಗೇ ಬಂತು. ಗಂಡ ತೀರಿಕೊಂಡು ತಮ್ಮನ ಜೊತೆಗಿದ್ದ ಆ ಅಕ್ಕನ ಹೆಸರನ್ನು, ಉಚಿತ ಚಿಕಿತ್ಸೆಗೆಂದು ಕಚೇರಿ ಕೊಡುವ ಆಸ್ಪತ್ರೆಯ ಕಾರ್ಡಿಗೆ ಸೇರಿಸಬೇಕಿತ್ತು. ಆಕೆಗೆ ಉಬ್ಬಸ ಜೋರಾಗಿತ್ತು. ಮಾಮ ಬಾಯಿಬಿಟ್ಟು ನನ್ನನ್ನು ಏನೂ ಕೇಳಲಿಲ್ಲ. ತನ್ನವರಿಗೆ ಬೇಗ ಮಾಡಿಕೊಟ್ಟನೆಂದು ಯಾರಾದರೂ ಆಡಿಕೊಂಡಾರೆಂದು ನನಗೆ ಭಯ. "ಜೊತೆಯಲ್ಲೇ ವಾಸವಿರುವುದಕ್ಕೆ ದಾಖಲೆ ಸಾಲದು" ಎಂದು ಬರೆದು ಫೈಲು ಕಟ್ಟಿ ಹಿಂದಕ್ಕೆ ಕಳಿಸಿದೆ. ದಿನಾ ಗೋಡೆಯಾಚೆಯಿಂದ ಆಕೆಯ ಕೆಮ್ಮು ಕೇಳುತ್ತಿದ್ದವನು ನಾನು! ಮಾಮ ಕಾಗದ ತರುತ್ತಾ ಹೋದರು, ನಾನು ಇನ್ನೊಂದು ಕೇಳುತ್ತಾ ಹೋದೆ. ಹೀಗೇ ಏಳು ತಿಂಗಳು...

ಅಕ್ಕನ ಕರ್ಮಗಳೆಲ್ಲ ಮುಗಿದ ಮೇಲೆ ಮಾಮ ಕಚೇರಿಗೆ ಬಂದು, ಅರ್ಜಿ ಹಿಂದಕ್ಕೆ ಪಡೆಯುತ್ತೇನೆಂದು ಬರೆದ ಹಾಳೆ ಮುಂದಿಟ್ಟರು. ಸುತ್ತ ಜನ. ಅಭ್ಯಾಸಬಲದಿಂದ ಕೇಳಿಬಿಟ್ಟೆ: "ಡೆತ್ ಸರ್ಟಿಫಿಕೇಟ್ ಕಾಪಿ?"

"ತಂದಿದ್ದೇನೆ ಸರ್," ಎಂದರು.

ಆಮೇಲೆ ಬದುಕಿದ್ದಷ್ಟು ದಿನವೂ, ಮನೆ ಬಾಗಿಲಲ್ಲಿ ಎದುರಾದರೂ, ಅವರಿಗೆ ನಾನು 'ಸರ್' ಆದೆ. ಹಾಗನ್ನಬೇಡಿ ಮಾಮಾ ಎನ್ನಲು ನನಗೆ ಮುಖವಿರಲಿಲ್ಲ. ಈಗ ನಾನೂ ನಿವೃತ್ತ. ಹೇಳಿಕೊಳ್ಳುವ ಧೈರ್ಯ ಬಂದಿದೆ, ಕೇಳಲು ಅವರಿಲ್ಲ.