ಪೈಪಕ್ಕನ ತರಬೇತಿ

ಗಂಡ ತೀರಿಕೊಂಡ ಮೇಲೂ ನೀರಿನ ಪೈಪ್ ಹಾಕುವ ಸಣ್ಣ ಗುತ್ತಿಗೆಯನ್ನು ಕೈಬಿಡದೆ ನಡೆಸಿಕೊಂಡು ಬಂದವಳಿಗೆ ಊರೆಲ್ಲ ಪೈಪಕ್ಕ ಎಂದೇ ಹೆಸರು. ಊರಿಗೆ ನೀರು ತರುವ ಸರ್ಕಾರದ ಹೊಸ ಕೆಲಸಕ್ಕೆ ಪೈಪುಗಳನ್ನು ಕಾಯಿಸಿ ಬೆಸೆಯುವ ಯಂತ್ರದ ಕೆಲಸ ಬಲ್ಲವರೇ ಬೇಕಿತ್ತು. ಗುತ್ತಿಗೆ ಹಿಡಿದ ದೊಡ್ಡ ಕಂಪನಿ ಅದನ್ನು ಊರಿನ ಸಣ್ಣ ಗುತ್ತಿಗೆದಾರರಿಗೆ ಕಲಿಸಲೇಬೇಕೆಂದು ಕರಾರಿತ್ತು. ಪೈಪಕ್ಕ ಕೈಲಿದ್ದ ಕೆಲಸ ನಿಲ್ಲಿಸಿ ತರಬೇತಿಗೆ ಹೋದಳು.

ಮಧ್ಯಾಹ್ನದವರೆಗೂ ಕಂಪನಿಯ ಮ್ಯಾನೇಜರ್ ತಮ್ಮ ಕಂಪನಿ ಕಟ್ಟಿದ ಸೇತುವೆಗಳನ್ನು ಪರದೆಯ ಮೇಲೆ ತೋರಿಸಿದ. ಯಂತ್ರ ವೇದಿಕೆಯ ಮೇಲೆ ಬಟ್ಟೆ ಹೊದ್ದು ಕೂತಿತ್ತು. ಊಟವಾದ ಮೇಲೆ ಬಟ್ಟೆ ತೆಗೆದು, ಎಲ್ಲರಿಗೂ ಹೊಸ ಹೆಲ್ಮೆಟ್ ಹಾಕಿಸಿ, ಅದರ ಸುತ್ತ ನಿಲ್ಲಿಸಿದರು.

"ಒಂದ್ಸಲ ನಾನೇ ಬೆಸೆದು ನೋಡ್ಲಾ ಸಾರ್?" ಎಂದಳು ಪೈಪಕ್ಕ.

"ಅದಕ್ಕೆ ಕರೆಂಟೇ ಕೊಟ್ಟಿಲ್ಲಮ್ಮ. ಸುಮ್ನೆ ಕೈ ಇಟ್ಟು ನಗಿ, ಸರ್ಕಾರಕ್ಕೆ ಕಳಿಸೋಕೆ ಫೋಟೋ ತೆಗೀತಾರೆ" ಎಂದ ಮ್ಯಾನೇಜರ್.

ತರಬೇತಿಯ ಉಸ್ತುವಾರಿಗೆ ಬಂದಿದ್ದ ಇಲಾಖೆಯ ಅಧಿಕಾರಿಯ ಕಡೆ ಅವಳು ನೋಡಿದರೆ ಆತ ಫೋಟೋಗೆಂದು ತಲೆ ಬಾಚಿಕೊಳ್ಳುತ್ತಿದ್ದ.

"ಇವರ ಮುಖ ತೋರಿಸಿ ನಿಮ್ಮ ಹೊಟ್ಟೆ ತುಂಬಿಸ್ಕೊಳ್ಳಿ. ನನ್ನ ಮುಖ ಮಾತ್ರ ಬೇಡ" ಎಂದು ಹೆಲ್ಮೆಟ್ಟನ್ನು ಮ್ಯಾನೇಜರನ ಕೈಗಿಟ್ಟು ಇಳಿದಳು.

ಜೊತೆಯವರು ಯಾರೂ ಕದಲಲಿಲ್ಲ. "ನಾಳೆ ಇವರ ಹತ್ರಾನೇ ಕೆಲಸ ಕೇಳ್ಬೇಕಲ್ಲಕ್ಕ" ಎಂದು ಒಬ್ಬ ಪಿಸುಗುಟ್ಟಿದ.

ಕೆಲಸ ಶುರುವಾದಾಗ ಕಂಪನಿ ಹೇಳಿಕಳಿಸಿತು: ಬೆಸೆಯಲು ತಮ್ಮವರೇ ಇದ್ದಾರೆ, ಬೇಕಾದರೆ ಗುಂಡಿ ತೋಡಲು ಬನ್ನಿ. ನಕ್ಕು ನಿಂತವರೆಲ್ಲ ಗುದ್ದಲಿ ಹಿಡಿದು ಹೋದರು. ಪೈಪಕ್ಕ ಹೋಗದೆ ಹಳೆ ಮನೆಗಳ ನಲ್ಲಿ ರಿಪೇರಿಯಲ್ಲೇ ಉಳಿದಳು. ಕಂಪನಿ ಪೈಪ್ ಹಾಕುತ್ತಿದ್ದ ರಸ್ತೆಯಲ್ಲಿ ಓಡಾಡಬೇಕಾದಾಗಲೆಲ್ಲ ಅಗೆದ ಮಣ್ಣಿನ ಮೇಲೆ ಉಗುಳಿ ಮುಂದೆ ನಡೆಯುತ್ತಿದ್ದಳು.