ಮೌನದಕ್ಕನ ಕಿಟಕಿ

ಹೋದ ವಾರ ಗೋಕಾಕದ ನಮ್ಮ ಮನೆಯಲ್ಲಿ ಬಚ್ಚಲು ದೊಡ್ಡದು ಮಾಡಿಸುವ ಕೆಲಸ ಹಿಡಿದಿದ್ದೆವು. ಅದಕ್ಕಾಗಿ ಅಡುಗೆಮನೆಯ ಹಿಂದಿನ ಸಣ್ಣ ಕಿಟಕಿಯೊಂದನ್ನು ಮುಚ್ಚಬೇಕಾಯಿತು. ಗೌಂಡಿ ಇಟ್ಟಂಗಿ ಏರಿಸಿ, ಸಿಮೆಂಟು ಬಳಿದು, ಊಟಕ್ಕೆ ಹೋದ. ಚಹಾಕ್ಕೆ ಹಾಲಿಡಲು ಒಳಗೆ ಹೋದ ನನಗೆ ಆ ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿಯಿತು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದರೂ ನನಗೆ ತಿಳಿಯಲಿಲ್ಲ. ಮಗಳು ಓಡಿ ಬಂದು ಗ್ಯಾಸ್ ಆರಿಸಿ, ಏನಾಯಿತು ಎಂದು ಕೇಳಿದಳು. ಏನೂ ಇಲ್ಲ ಎಂದೆ. ಈ ವಿಷಯದಲ್ಲಿ ನಾನು ಆಡುತ್ತ ಬಂದಿರುವ ಸುಳ್ಳುಗಳಲ್ಲಿ ಅದೇನು ದೊಡ್ಡದಲ್ಲ.

ಮದುವೆಯಾಗಿ ಮೂಡಲಗಿಯಿಂದ ಹುಕ್ಕೇರಿಗೆ ಹೋದಾಗ ನನ್ನ ಜೊತೆ ತವರಿನಿಂದ ಒಂದು ಹೊಲಿಗೆ ಮಷೀನು ಬಂದಿತ್ತು. ನಾವಿದ್ದ ಓಣಿ ಬಹಳ ಇಕ್ಕಟ್ಟಿನದು. ಎದುರು ಮನೆಯವರು ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನು. ಬೆಳಕಿಗಾಗಿ ನಾನು ಮಷೀನನ್ನು ಕಿಟಕಿಗೆ ಹತ್ತಿಸಿ ಇಟ್ಟುಕೊಂಡು ಓಣಿಯವರ ಜಂಪರು ಹೊಲಿಯುತ್ತಿದ್ದೆ. ತಲೆ ಎತ್ತಿದರೆ ಎದುರು ಮನೆಯ ಕಿಟಕಿ. ಸರಳುಗಳ ಹಿಂದೆ ಬಿಳಿ ಸೀರೆಯ ಒಬ್ಬ ಹೆಣ್ಣುಮಗಳು, ಹಣೆಯಲ್ಲಿ ವಿಭೂತಿ. ಬಂದ ಮೊದಲ ದಿನವೇ ಅತ್ತೆ ನನ್ನನ್ನು ಆ ಕಿಟಕಿಯ ಮುಂದೆ ನಿಲ್ಲಿಸಿ ಕೈ ಮುಗಿಸಿದ್ದರು. ಅವರೇ ಮೌನದಕ್ಕ.

ನಮ್ಮ ಕಡೆ ಮೌನ ಅನುಷ್ಠಾನ ಹೊಸದಲ್ಲ. ಸ್ವಾಮಿಗಳು ಹಿಡಿಯುತ್ತಾರೆ, ಹರಕೆ ಹೊತ್ತ ಸಂಸಾರಸ್ಥರೂ ಹಿಡಿಯುತ್ತಾರೆ. ಹನ್ನೊಂದು ದಿನವೋ ಇಪ್ಪತ್ತೊಂದು ದಿನವೋ ಒಂದು ಕೋಣೆಯಲ್ಲಿ ಕೂತು ಲಿಂಗಪೂಜೆ, ಒಂದು ಹೊತ್ತು ಹಾಲು-ಹಣ್ಣು, ತುಟಿ ಎರಡು ಮಾಡುವಂತಿಲ್ಲ. ಮುಗಿದ ದಿನ ಮೌನಮಂಗಲವೆಂದು ಊರವರಿಗೆಲ್ಲ ಪ್ರಸಾದ. ಎದುರು ಮನೆಯ ಅಕ್ಕ ತಂದೆ ತೀರಿಕೊಂಡಾಗ ಹನ್ನೊಂದು ದಿನಕ್ಕೆಂದು ಕೂತವರು, ಆಮೇಲೆ ಗುರುವಿನ ಅಪ್ಪಣೆಯಾಗಿ ಹಾಗೇ ಮುಂದುವರಿಸಿದ್ದಾರೆ ಎಂದು ಓಣಿಯವರು ಹೇಳುತ್ತಿದ್ದರು. ನಾನು ಹೋಗುವ ಹೊತ್ತಿಗೆ ಆರು ವರ್ಷವಾಗಿತ್ತು. ಆರು ವರ್ಷ! ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ನಮ್ಮ ಓಣಿಗೆ ಬಂಗಾರದ ಗಣಿಯೇ ಸಿಕ್ಕ ಹಾಗೆ ಜನ ಹೆಮ್ಮೆಪಡುತ್ತಿದ್ದರು. ಸೋಮವಾರ ಕಿಟಕಿಯ ಕಟ್ಟೆಯ ಮೇಲೆ ಕಾಯಿ, ಬಾಳೆಹಣ್ಣು. ಪರೀಕ್ಷೆಗೆ ಹೋಗುವ ಮಕ್ಕಳು ಅಲ್ಲಿ ನಿಂತು ನಮಸ್ಕಾರ ಮಾಡಿ ಹೋಗುತ್ತಿದ್ದರು. ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ. ಮಾತಾಡಿಸಿದರೆ ವ್ರತ ಕೆಡಿಸಿದ ಪಾಪ ಸುತ್ತಿಕೊಳ್ಳುತ್ತದೆಂಬ ಭಯ.

ಆ ಮನೆಯ ಯಜಮಾನ ಅಕ್ಕನ ಒಡಹುಟ್ಟಿದ ಅಣ್ಣ. ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ತಂಗಿ ಗಂಡನ ಮನೆ ಬಿಟ್ಟು ಬಂದಾಗ ಬಾಗಿಲು ಹಾಕದೆ ಒಳಗೆ ಕರೆದುಕೊಂಡ ದೊಡ್ಡ ಮನುಷ್ಯ ಎಂದು ಅವರಿಗೆ ಹೆಸರು. ಓಣಿಯ ಜಗಳ ಬಿಡಿಸುತ್ತಿದ್ದರು, ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ನಿಲ್ಲುತ್ತಿದ್ದರು. ಕೆಲವು ಸಂಜೆ ಆ ಕೋಣೆಯಿಂದ ಏನೋ ಬಿದ್ದ ಸದ್ದು, ಬಾಯಿಗೆ ಬಟ್ಟೆ ತುರುಕಿದಂತಹ ಅಳು ಕೇಳುತ್ತಿತ್ತು. ಅಕ್ಕನ ಮೈಮೇಲೆ ದೇವರು ಬರುತ್ತಾರೆ ಎಂದು ಅತ್ತೆ ದೀಪ ಹಚ್ಚುತ್ತಿದ್ದರು. ನಾನೂ ಕೈ ಮುಗಿದು, ಮತ್ತೆ ಮಷೀನು ತುಳಿಯುತ್ತಿದ್ದೆ. ಕಣ್ಣಿದ್ದೂ ಕುರುಡಿಯಾಗುವುದು ಎಷ್ಟು ಸುಲಭ ಎಂದು ಈಗ ಆಶ್ಚರ್ಯವಾಗುತ್ತದೆ...

ನನಗೆ ಎರಡು ಸಲ ಬಸಿರು ನಿಲ್ಲಲಿಲ್ಲ. ಮೂರನೆಯ ಸಲ ದಿನಾಲೂ ಆ ಕಿಟಕಿಗೆ ಹೂವಿಟ್ಟೆ. ಮಗಳು ಹುಟ್ಟಿದಳು. ಐದು ತಿಂಗಳ ಕೂಸನ್ನು ಎತ್ತಿಕೊಂಡು ಹೋಗಿ ಸರಳಿಗೆ ಹಿಡಿದೆ. ಅಕ್ಕ ಕೈ ಹೊರಗೆ ಚಾಚಿ ಕೂಸಿನ ಪಾದ ಹಿಡಿದುಕೊಂಡರು. ಹಿಡಿದವರು ಬಿಡಲೇ ಇಲ್ಲ. ಕೂಸು ಅಳಲು ಶುರು ಮಾಡಿದ ಮೇಲೆ ಒಂದೊಂದೇ ಬೆರಳು ಸಡಿಲಿಸಿದರು. ಅವರ ಕಣ್ಣಲ್ಲಿ ನೀರಿತ್ತು. ಇಷ್ಟು ದೊಡ್ಡ ಆಶೀರ್ವಾದ ಓಣಿಯಲ್ಲಿ ಬೇರೆ ಯಾರಿಗೂ ಸಿಕ್ಕಿಲ್ಲ ಎಂದು ನಾನು ಬೀಗಿದೆ. ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳಿದೆ.

ಅದಾದ ಮೇಲೆ ನಮ್ಮಿಬ್ಬರ ನಡುವೆ ಒಂದು ಬಳಕೆ ಬೆಳೆಯಿತು. ನಾನು ಬಟ್ಟೆ ಕತ್ತರಿಸುವಾಗ ಅವರು ನೋಡುತ್ತಿದ್ದರು. ತೋಳು ತಪ್ಪಾಗಿ ಜೋಡಿಸಿದರೆ ತಲೆ ಅಲ್ಲಾಡಿಸುತ್ತಿದ್ದರು. ಒಮ್ಮೆ ನಾನು ಕಾಜಾ ಹಾಕುವುದನ್ನೇ ಮರೆತು ಗುಂಡಿ ಹಚ್ಚಿದ್ದಕ್ಕೆ ಇಬ್ಬರೂ ನಕ್ಕೆವು, ನಾನು ಜೋರಾಗಿ, ಅವರು ಬಾಯಿ ಮುಚ್ಚಿಕೊಂಡು. ನನಗೆ ಅವರೆಂದರೆ ದೇವರ ಮೇಲಿನ ಭಕ್ತಿಗಿಂತ ಸ್ವಲ್ಪ ಹೆಚ್ಚೇ ಪ್ರೀತಿ ಇತ್ತು. ಇದನ್ನು ಹೇಳಲೇಬೇಕು, ಏಕೆಂದರೆ ಮುಂದೆ ನಾನು ಮಾಡಿದ್ದು ಪ್ರೀತಿ ಇಲ್ಲದೆ ಮಾಡಿದ್ದಲ್ಲ.

ಒಂದು ಮಧ್ಯಾಹ್ನ ಓಣಿಯ ಗಂಡಸರೆಲ್ಲ ಸಂತೆಗೆ ಹೋಗಿದ್ದರು. ಎದುರು ಮನೆಯ ಮುಂಬಾಗಿಲೂ ಮುಚ್ಚಿತ್ತು. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ಯಾರೋ ಕರೆದ ಹಾಗಾಯಿತು. ತುಕ್ಕು ಹಿಡಿದ ಕೀಲು ತಿರುಗಿದಂತಹ ದನಿ. ತಲೆ ಎತ್ತಿದರೆ ಅಕ್ಕ ಎರಡೂ ಕೈಯಿಂದ ಸರಳು ಹಿಡಿದು ನಿಂತಿದ್ದರು.

"ತಂಗಿ... ಬಾಗಲಾ ತಗಸವಾ."

ಎಂಟೊಂಬತ್ತು ವರ್ಷದ ತಪಸ್ಸು ನನ್ನ ಕಣ್ಣೆದುರಿಗೇ ಮುರಿದು ಬಿತ್ತಲ್ಲ, ಅದೂ ನನ್ನ ಜೊತೆ ಮಾತಾಡಿ! ಓಡಿ ಹೋಗಿ ಸರಳಿನ ಬಳಿ ನಿಂತು ನನ್ನ ಬಾಯಿಯ ಮೇಲೆ ಕೈಯಿಟ್ಟು ತೋರಿಸಿದೆ.

"ಮಾತಾಡಬ್ಯಾಡ್ರಿ ಅಕ್ಕಾರ, ಮೌನ ಕೆಡತೈತಿ."

ಅವರು ನನ್ನನ್ನೇ ನೋಡಿದರು. ಮತ್ತೆ ಅದೇ ಮಾತನ್ನು, ಇನ್ನೂ ಮೆಲ್ಲಗೆ ಹೇಳಿದರು. ನಾನು ಕೈ ಮುಗಿದು ಹಿಂದೆ ಸರಿದೆ. ಬಾಗಿಲು ತೆಗೆಸು ಅನ್ನುವ ಎರಡು ಪದಗಳಲ್ಲಿ ತಿಳಿಯದೆ ಇರುವಂಥದ್ದೇನಿತ್ತು? ಅವತ್ತು ನನ್ನ ತಲೆಯಲ್ಲಿದ್ದದ್ದು ಒಂದೇ: ಕೆಟ್ಟ ವ್ರತಕ್ಕೆ ಪರಿಹಾರ ಮಾಡಿಸಬೇಕು, ಇಲ್ಲದಿದ್ದರೆ ಅಕ್ಕನಿಗೂ ನನ್ನ ಮಗಳಿಗೂ ಕೇಡು. ಪರಿಹಾರ ಗೊತ್ತಿರುವವರು ಯಾರು? ಸಂಜೆ ಕಾಕಾ ಸಂತೆಯಿಂದ ಬರುವುದನ್ನೇ ಕಾದು, ತಲೆಯ ಮೇಲೆ ಸೆರಗು ಹೊದ್ದು, ಅವರ ಮನೆಯ ಕಟ್ಟೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಗುರುಗಳನ್ನು ಕೇಳಿ ಏನಾದರೂ ಪೂಜೆ ಮಾಡಿಸಿ ಎಂದು ಬೇಡಿಕೊಂಡೆ.

ಕಾಕಾ ಸಿಟ್ಟಾಗಲಿಲ್ಲ. ಕೈಚೀಲ ಕೆಳಗಿಟ್ಟು, ಸಮಾಧಾನದಿಂದ ಕೇಳಿಸಿಕೊಂಡು ಹೇಳಿದರು.

"ನನಗ ಹೇಳಿದ್ದು ಚೊಲೋ ಆತವಾ. ಬ್ಯಾರೆದವ್ರ ಮುಂದ ಆಡಬ್ಯಾಡ, ಆಕಿ ಪುಣ್ಯಾ ಹಾಳಾಕ್ಕೈತಿ."

ಮರುದಿನ ಬೆಳಿಗ್ಗೆ ಗೌಂಡಿ ಬಂದ. ಅಕ್ಕ ಇನ್ನೂ ಕಠಿಣವಾದ ಅನುಷ್ಠಾನಕ್ಕೆ ಕೂತಿದ್ದಾರೆ, ಇನ್ನು ಮುಂದೆ ಬೆಳಕನ್ನೂ ನೋಡುವುದಿಲ್ಲ ಎಂದು ಕಾಕಾ ಓಣಿಗೆಲ್ಲ ತಿಳಿಸಿದರು. ಇಟ್ಟಂಗಿ ಒಂದರ ಮೇಲೊಂದು ಏರಿತು. ನಾನು ಮಷೀನಿನ ಮುಂದೆ ಕೂತು ನೋಡುತ್ತಿದ್ದೆ. ಕೊನೆಯ ಸಾಲಿನ ತನಕ ಸರಳಿನ ಮೇಲೆ ನಾಲ್ಕು ಬೆರಳು ಕಾಣುತ್ತಿದ್ದವು... ಗೌಂಡಿ, ಕೈ ತೆಗೀರಿ ತಾಯಿ, ಎಂದು ಬಹಳ ಮರ್ಯಾದೆಯಿಂದ ಹೇಳಿದ. ಮಧ್ಯಾಹ್ನ ಹೆಂಗಸರು ಬಂದು ಆ ಹಸಿ ಸಿಮೆಂಟಿಗೆ ವಿಭೂತಿ ಹಚ್ಚಿ ಕಾಯಿ ಒಡೆದರು. ಕಾಕಾನ ಮನೆಯಿಂದ ನಮಗೆ ಒಂದು ತಾಟಿನ ತುಂಬ ಸಜ್ಜಕದ ಪ್ರಸಾದ ಬಂತು. ನಾನು ಅದನ್ನು ತಿಂದೆ.

ಎರಡು ವರ್ಷ ಹಾಗೇ ಹೋಯಿತು. ಮಷೀನನ್ನು ನಾನು ಬೇರೆ ಕಡೆ ಸರಿಸಿಕೊಂಡೆ. ಬೆಳಕು ಸಾಲದು, ಆದರೂ ಆ ಗೋಡೆಯ ಎದುರು ಕೂಡಲಾಗುತ್ತಿರಲಿಲ್ಲ. ಏಕೆಂದು ನನ್ನನ್ನು ನಾನೇ ಕೇಳಿಕೊಳ್ಳಲಿಲ್ಲ.

ಯಮಕನಮರಡಿಯಿಂದ ಬುಟ್ಟಿ ಹೊತ್ತು ಬರುತ್ತಿದ್ದ ಬಳೆಗಾರ್ತಿ ಮುದುಕಿ, ನಾವು ಆಯಿ ಎನ್ನುತ್ತಿದ್ದವಳು, ಕಾಲುನೋವಿನಿಂದ ಮೂರು ವರ್ಷ ನಮ್ಮ ಕಡೆ ಬಂದಿರಲಿಲ್ಲ. ಬಂದ ದಿನ ನನ್ನ ಕೈ ಹಿಡಿದು ಬಳೆ ಏರಿಸುತ್ತ, ಎದುರಿನ ಕಿಟಕಿ ಎಲ್ಲಿ ಹೋಯಿತು ಎಂದು ಕೇಳಿದಳು. ನಾನು ಭಕ್ತಿಯಿಂದ ವಿವರಿಸಿದೆ. ಅವಳ ಕೈ ಅರ್ಧಕ್ಕೇ ನಿಂತಿತು. ಹಿಂದೊಮ್ಮೆ ಸರಳಿನ ಸಂದಿಯಿಂದ ಅಕ್ಕನಿಗೆ ಬಳೆ ಇಟ್ಟಿದ್ದಳಂತೆ. ಮಣಿಕಟ್ಟಿನ ಸುತ್ತ ಹಗ್ಗ ಉಜ್ಜಿ ಜಡ್ಡುಗಟ್ಟಿದ ಗುರುತು ಅವಳ ಬೆರಳಿಗೆ ಸಿಕ್ಕಿತ್ತಂತೆ. ಕೇಳಲು ಧೈರ್ಯವಾಗದೆ ಎದ್ದು ಹೋಗಿದ್ದಳು. ಆ ಮನೆಯ ಹೆಂಗಸರಿಗೆ ಬಳೆ ಇಡಲು ಒಳಗೆ ಹೋದಾಗ ಕೋಣೆಯ ಬಾಗಿಲನ್ನೂ ನೋಡಿದ್ದಳಂತೆ.

"ಅನುಷ್ಠಾನಕ್ಕ ಕುಂತವ್ರು ಒಳಗಿಂದ ಚಿಲಕಾ ಹಾಕ್ಕೋತಾರವಾ," ಎಂದಳು. "ಆ ಖೋಲಿಗಿ ಕೀಲಿ ಹೊರಗ ಯಾಕೈತಿ?"

ನನಗೆ ಮೈಯೆಲ್ಲ ಉರಿದು ಹೋಯಿತು. ದೇವರಂಥವರ ಮೇಲೆ ಅನುಮಾನ ಪಡುತ್ತೀಯಾ ಎಂದು ಅವಳನ್ನು ಬಾಯಿಗೆ ಬಂದಂತೆ ಬೈದೆ. ಬಳೆ ಇಡುವುದನ್ನು ಅರ್ಧಕ್ಕೇ ನಿಲ್ಲಿಸಿ ಕಳಿಸಿದೆ. ಆದರೆ ಆ ಬೀಗವನ್ನು ನಾನೂ ನೋಡಿದ್ದೆ. ಹಬ್ಬಕ್ಕೆ ಕಡಬು ಕೊಡಲು ಹೋದಾಗಲೆಲ್ಲ ಆ ಕೋಣೆಯ ಬಾಗಿಲಿಗೆ ಹಿತ್ತಾಳೆಯ ಕೀಲಿ ನೇತಾಡುತ್ತಿತ್ತು. ಅವತ್ತಿನಿಂದ ನಾನು ನಿದ್ದೆ ಮಾಡಲಿಲ್ಲ. ಆದರೂ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ, ಅಕ್ಕ ಮಾತಾಡಿದ್ದನ್ನು ಕಾಕಾನಿಗೆ ಹೇಳಿದವಳು ನಾನೇ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು.

ಹೇಳಿದವಳು ಆಯಿ. ಕಚೇರಿಗಳಿಗೆ ಎಷ್ಟು ಸಲ ಅಲೆದಳೋ, ಒಂದು ದಿನ ಸರಕಾರದ ಹೆಣ್ಣುಮಕ್ಕಳು ಪೊಲೀಸರೊಂದಿಗೆ ಓಣಿಗೆ ಬಂದರು. ಕೀಲಿ ಒಡೆದರು. ಅಕ್ಕನನ್ನು ಇಬ್ಬರು ಹಿಡಿದುಕೊಂಡು ಹೊರಗೆ ತಂದಾಗ ಅವರು ಬಿಸಿಲಿಗೆ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡರು. ಕೂದಲು ಜಡೆಗಟ್ಟಿತ್ತು, ಮೈ ಎಲುಬಿನ ಹಂದರ. ಕಾಯಿ ಒಡೆದವರು, ಕರ್ಪೂರ ಹಚ್ಚಿದವರು ಎಲ್ಲರೂ ಬಾಗಿಲಲ್ಲಿ ನಿಂತಿದ್ದೆವು. ಒಬ್ಬರೂ ಮುಂದೆ ಹೋಗಲಿಲ್ಲ. ಮೌನ ಹನ್ನೊಂದನೆಯ ದಿನಕ್ಕೇ ಮುಗಿದಿತ್ತು. ಹೊಲದಲ್ಲಿ ತನ್ನ ಪಾಲು ಬಿಟ್ಟುಕೊಡುವ ಕಾಗದಕ್ಕೆ ಅಕ್ಕ ಸಹಿ ಹಾಕಲು ಒಪ್ಪದಿದ್ದಾಗ ಕೀಲಿ ಬಿದ್ದಿತ್ತು. ಇದೆಲ್ಲ ನಮಗೆ ಆಮೇಲೆ ತಿಳಿಯಿತು.

ಕಾಕಾನ ಮೇಲೆ ಕೇಸಾಯಿತು. ಅಕ್ಕ ಮೇಲವಂಕಿಯಲ್ಲಿದ್ದ ಚಿಕ್ಕಮ್ಮನ ಮನೆ ಸೇರಿದರು. ನಾವು ಗೋಕಾಕಕ್ಕೆ ಬಂದ ಮೇಲೆ ಮೇಲವಂಕಿ ಹತ್ತಿರವೇ ಆಯಿತು, ಆದರೆ ಬಸ್ಸು ಹತ್ತಲು ನನಗೆ ನಾಲ್ಕು ವರ್ಷ ಬೇಕಾಯಿತು. ಎಲ್ಲ ಹೇಳಿ, ಕಾಲು ಹಿಡಿದು, ಬೈಸಿಕೊಂಡು ಬರಬೇಕೆಂದು ಗಟ್ಟಿಮಾಡಿಕೊಂಡು ಹೋದೆ.

ಅಕ್ಕ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಕೂತಿದ್ದರು. ಮಳೆ ಬಂದರೂ ಒಳಗೆ ಮಲಗುವುದಿಲ್ಲವೆಂದು ಚಿಕ್ಕಮ್ಮ ಹೇಳಿದರು. ಕಣ್ಣು ಪೂರಾ ಮಂಜಾಗಿತ್ತು, ನನ್ನ ಗುರುತು ಹತ್ತಲಿಲ್ಲ. ಹುಕ್ಕೇರಿಯಿಂದ ಬಂದವಳು ಎಂದಷ್ಟೇ ಹೇಳಿ ಕೂತೆ. ಅವರೇ ಮಾತಿಗೆ ಶುರು ಮಾಡಿದರು. ಅವರ ಮಾತು ಕೇಳುತ್ತ ಕೂಡುವುದು ನನಗೆ ಹೊಸದಾಗಿತ್ತು.

"ನಮ್ಮೆದುರಿಗೆ ಒಂದ ಹುಡಿಗಿ ಇತ್ತವಾ, ಮಷೀನ ತುಳೀತಿತ್ತು. ಮಾತಾಡಿದ್ರ ಖಿಡಕಿ ಸೈತ ಮುಚ್ಚತೇನಿ ಅಂದಿದ್ದ ನಮ್ಮಣ್ಣ. ಖಿಡಕಿ ಹೋದ್ರ ಹೋಗಲಿ ಅಂತ ಅಕಿಗೊಬ್ಬಾಕಿಗೆ ಹೇಳಿದೆ. ಅವಗ ಹ್ಯಾಂಗೋ ತಿಳದ ಮುಚ್ಚಿಬಿಟ್ಟ. ಕತ್ತಲ್ಯಾಗ ಎಷ್ಟ ದಿನಾ ಆತೋ, ತಿಳೀಲಿಲ್ಲ. ಆದ್ರ ಹುಡಿಗಿ ಹೇಳ್ಯಾಳ, ಯಾರರ ಬರ್ತಾರ ಅನ್ಕೋತ ಕುಂತೆ. ಬಂದ್ರು ನೋಡವಾ."

ಆ ಹುಡುಗಿ ನಾನೇ ಎಂದೆ. ಅವರು ತಡವರಿಸುತ್ತ ನನ್ನ ಕೈ ಹುಡುಕಿ ಹಿಡಿದುಕೊಂಡರು, ಅವತ್ತು ನನ್ನ ಕೂಸಿನ ಪಾದ ಹಿಡಿದ ಹಾಗೆ.

"ನೀ ಹೇಳಿದಿ ಅಲ್ಲವಾ?"

"ಹೂಂರಿ ಅಕ್ಕಾರ. ಹೇಳಿದೆ."

ಯಾರಿಗೆ ಹೇಳಿದೆ ಎಂಬುದನ್ನು ಹೇಳಲಿಲ್ಲ. ಅವರು ನನ್ನ ಕೈಯನ್ನು ತಮ್ಮ ಕಣ್ಣಿಗೆ ಒತ್ತಿಕೊಂಡರು. ನಾನು ಒತ್ತಿಸಿಕೊಂಡೆ. ಊಟ ಮಾಡಿ ಹೋಗೆಂದರು, ಊಟವನ್ನೂ ಮಾಡಿದೆ. ಮತ್ತೆ ಬರುತ್ತೇನೆಂದು ಮಾತು ಕೊಟ್ಟು ಎದ್ದೆ. ಹೋಗಲಿಲ್ಲ.

ಎರಡು ಬೇಸಿಗೆಯ ಹಿಂದೆ ಅಕ್ಕ ಅದೇ ಅಂಗಳದಲ್ಲಿ ತೀರಿಕೊಂಡರು. ಮಣ್ಣಿಗೆ ಹೋದಾಗ ಚಿಕ್ಕಮ್ಮ ನನ್ನನ್ನು ನೆಂಟರ ಮುಂದೆ ನಿಲ್ಲಿಸಿ, ಅಕ್ಕನನ್ನು ಬಿಡಿಸಿದವಳು ಇವಳೇ ಎಂದು ಪರಿಚಯ ಮಾಡಿಕೊಟ್ಟರು. ವಯಸ್ಸಾದ ಹೆಂಗಸರು ಬಂದು ನನ್ನ ಗಲ್ಲ ಸವರಿ ಲಟಿಗೆ ಮುರಿದರು. ಅಷ್ಟು ಜನರ ನಡುವೆ ನಾನು ತಲೆ ಬಗ್ಗಿಸಿ ನಿಂತಿದ್ದೆ. ವಿನಯವೆಂದು ತಿಳಿದುಕೊಂಡರು.